ಅರಗಿನ ಕಾರ್ಖಾನೆ ಕಟ್ಟಿಸಿದ ಮಹಾರಾಜರು

ನಾಲ್ವಡಿ ಕೃಷ್ಣರಾಜ ಒಡೆಯರ್ ಅಂದ್ರೆ ಮೊದಲು ನೆನಪಾಗೋದು ಕೆಆರ್‌ಎಸ್, ಆಮೇಲೆ ಸ್ಯಾಂಡಲ್ ಸೋಪು. ಈ ಸಲ ನಾವು ಅವರ ಬದುಕನ್ನು ಮರದ ಕಡೆಯಿಂದ ನೋಡಿದ್ದೀವಿ. ಯಾಕಂದ್ರೆ ನಮ್ಮ ಮಿನಿ ಪ್ರಾಜೆಕ್ಟು ಮಂಡಿ ಮೊಹಲ್ಲಾದ ಒಂದು ಇನ್ಲೇ ವರ್ಕ್‌ಶಾಪಿಗೆ ಪಾಲಿಶ್ ಹೊಡೆಯೋ ಸ್ಪ್ರೇ ಸಿಸ್ಟಮ್ ಆರಿಸಿಕೊಡೋದು. ಪಾಲಿಶ್ ಬಗ್ಗೆ ಓದ್ತಾ ಹೋದ್ರೆ ದಾರಿ ಮತ್ತೆ ಮತ್ತೆ ಮಹಾರಾಜರ ಹತ್ತಿರವೇ ಬಂದು ನಿಲ್ಲುತ್ತಿತ್ತು.

ಹುಟ್ಟಿದ್ದು 1884ರ ಜೂನ್ 4, ಮೈಸೂರಿನಲ್ಲೇ. ಹತ್ತು ವರ್ಷ ತುಂಬಿದ ಹುಡುಗ, ತಂದೆ ಚಾಮರಾಜ ಒಡೆಯರ್ 1894ರ ಡಿಸೆಂಬರಿನಲ್ಲಿ ಕಲ್ಕತ್ತಾದಲ್ಲಿ ತೀರಿಕೊಂಡರು. ತಾಯಿ ಕೆಂಪನಂಜಮ್ಮಣ್ಣಿ ಮಗನ ಹೆಸರಿನಲ್ಲಿ ರಾಜ್ಯ ನೋಡಿಕೊಂಡರು. 1897ರ ಫೆಬ್ರವರಿಯಲ್ಲಿ ಅಕ್ಕ ಜಯಲಕ್ಷಮ್ಮಣ್ಣಿಯವರ ಮದುವೆ ಸಂಭ್ರಮ ನಡೀತಿರೋವಾಗಲೇ ಮರದ ಹಳೆ ಅರಮನೆಗೆ ಬೆಂಕಿ ಬಿತ್ತು. ಹನ್ನೆರಡು ವರ್ಷದ ಹುಡುಗನ ಕಣ್ಣೆದುರು ಮನೆಯೇ ಸುಟ್ಟುಹೋಯಿತು.

ಹೊಸ ಅರಮನೆಯ ಪ್ಲಾನು ಹೆನ್ರಿ ಇರ್ವಿನ್ ಅವರದು. 1912ರಲ್ಲಿ ಮುಗಿಯಿತು, ಖರ್ಚು ಸುಮಾರು 41 ಲಕ್ಷ ರೂಪಾಯಿ. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಬಂದವು. ಈ ಸಲ ಕಲ್ಲು, ಕಬ್ಬಿಣ ಜಾಸ್ತಿ. ಆದರೂ ಮರ ಬಿಡಲಿಲ್ಲ. ಅಂಬಾವಿಲಾಸದಲ್ಲಿ ಬೀಟೆ ಮರದ ಬಾಗಿಲಿಗೆ ದಂತ ಕೂರಿಸಿದ ಕೆಲಸ ಇವತ್ತಿಗೂ ನೋಡಬಹುದು. ಮರದಲ್ಲಿ ತಗ್ಗು ಕೊರೆದು, ಇನ್ನೊಂದು ಬಣ್ಣದ ತುಂಡನ್ನು ಕೂದಲೆಳೆಯಷ್ಟೂ ಸಂದಿ ಬಿಡದೆ ಕೂರಿಸೋದೇ ಮೈಸೂರು ಇನ್ಲೇ. ದಂತದ ವ್ಯಾಪಾರ ನಿಂತ ಮೇಲೆ ಅದರ ಜಾಗಕ್ಕೆ ಪ್ಲಾಸ್ಟಿಕ್ಕು, ಬಣ್ಣಬಣ್ಣದ ಮರದ ಚೂರು ಬಂದಿವೆ. ಮಂಡಿ ಮೊಹಲ್ಲಾದ ಗಲ್ಲಿಗಳಲ್ಲಿ ಈ ಕೆಲಸ ಇನ್ನೂ ನಡೀತಿದೆ.

1902ರ ಆಗಸ್ಟ್ 8ಕ್ಕೆ ಅಧಿಕಾರ ಕೈಗೆ ಬಂದಾಗ ಅವರಿಗೆ ಹದಿನೆಂಟು, ನಮಗಿಂತ ಒಂದು ವರ್ಷ ಚಿಕ್ಕವರು! ಅದೇ ವರ್ಷ ಶಿವನಸಮುದ್ರದ ಕರೆಂಟು ಸುಮಾರು 147 ಕಿ.ಮೀ. ತಂತಿ ದಾಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ. 1912ರಿಂದ 1918ರವರೆಗೆ ವಿಶ್ವೇಶ್ವರಯ್ಯ ದಿವಾನರು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ಇಂಜಿನಿಯರ್ಸ್ ಡೇ ದಿನ ನಾವು ದಿವಾನರ ಫೋಟೋಗೆ ಹಾರ ಹಾಕ್ತೀವಿ, ಅವರ ಯೋಜನೆಗಳಿಗೆ ಹೂಂ ಅಂದವರನ್ನ ಮರೀತೀವಿ. ಇಬ್ಬರೂ ಎಲ್ಲದರಲ್ಲೂ ಒಪ್ಪಲಿಲ್ಲ ಅನ್ನೋದೂ ಗೊತ್ತಿರಲಿ. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡೋ ವಿಷಯದಲ್ಲಿ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು, ದಿವಾನರು ಹುದ್ದೆ ಬಿಟ್ಟರು. ಈ ಒಂದು ವಿಷಯದಲ್ಲಿ ನಾವು ಮಹಾರಾಜರ ಕಡೆ.

ಕಾಡಿನ ಕಡೆಗೆ ಬರೋಣ. ಮೊದಲನೇ ಮಹಾಯುದ್ಧ ಶುರುವಾಗಿ ಜರ್ಮನಿಗೆ ಗಂಧದ ಮರ ಹೋಗೋದು ನಿಂತಿತು, ಮರ ರಾಶಿ ಬಿತ್ತು. ಎಣ್ಣೆ ನಾವೇ ತೆಗೆಯೋಣ ಅಂತ 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ. 1923ರಲ್ಲಿ ಶುರುವಾದ ಭದ್ರಾವತಿ ಕಾರ್ಖಾನೆಯ ಹಳೇ ಹೆಸರಲ್ಲಿ ಕಬ್ಬಿಣಕ್ಕೆ ಮುಂಚೆ ವುಡ್ ಡಿಸ್ಟಿಲೇಷನ್ ಅಂತಲೇ ಇತ್ತು. ಅಲ್ಲಿ ಕಾಡಿನ ಮರದ ಇದ್ದಿಲಿನಿಂದಲೇ ಅದಿರು ಕರಗಿಸ್ತಿದ್ದರು. ಕಚ್ಚಾ ಮಾಲನ್ನ ಹಾಗೇ ಹೊರಗೆ ಕಳಿಸಬಾರದು ಅನ್ನೋ ಈ ಲೆಕ್ಕ ಕೊನೆಗೆ ಅರಗಿಗೂ ಬಂತು. 1937ರಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಯಿತು. ಇವತ್ತು ಬನ್ನಿಮಂಟಪದ ಕಡೆ ಹೋದರೆ ಸಿಗುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅದೇ.

ಅರಗು ಅಂದ್ರೆ ಒಂದು ಸಣ್ಣ ಹುಳ ಜಾಲಾರಿಯಂಥ ಮರಗಳ ಕೊಂಬೆ ಮೇಲೆ ಬಿಡುವ ಅಂಟು. ಕೆರೆದು, ತೊಳೆದು, ಕರಗಿಸಿ, ತೆಳ್ಳಗೆ ಎಳೆದರೆ ಹಪ್ಪಳದ ಚೂರಿನ ಹಾಗೆ ಆಗುತ್ತೆ. ಅದನ್ನ ಸ್ಪಿರಿಟ್‌ನಲ್ಲಿ ನೆನೆಸಿದರೆ ಪಾಲಿಶ್ ರೆಡಿ. ಹತ್ತಿಯನ್ನ ಬಟ್ಟೆಯಲ್ಲಿ ಕಟ್ಟಿ, ಅದ್ದಿ, ಸುತ್ತಿ ಸುತ್ತಿ ಉಜ್ಜಬೇಕು. ಒಂದು ಬಾಗಿಲಿಗೆ ದಿನಗಟ್ಟಲೆ ಹಿಡಿಯುತ್ತೆ. ಅದಕ್ಕೇ ವರ್ಕ್‌ಶಾಪಿನವರು ಸ್ಪ್ರೇ ಕೇಳಿದ್ದು.

ಮಾಮೂಲಿ ಕಂಪ್ರೆಸರ್ ಗನ್ನು 30ರಿಂದ 50 ಪಿಎಸ್‌ಐ ಒತ್ತಡದಲ್ಲಿ ಹೊಡೆಯುತ್ತೆ. ಪಾಲಿಶ್‌ನ ಕಾಲು ಭಾಗ, ಹೆಚ್ಚಂದ್ರೆ ಮೂರನೇ ಒಂದು ಭಾಗ ಮರಕ್ಕೆ ಹಿಡಿಯುತ್ತೆ. ಮಿಕ್ಕಿದ್ದು ಗಾಳಿಗೆ, ಅಂದ್ರೆ ಅದೇ ಹತ್ತಡಿ ರೂಮಲ್ಲಿ ಕೂತು ಊಟ ಮಾಡೋರ ಎದೆಗೆ. ಏರ್‌ಲೆಸ್ ಮೆಷಿನ್ನು ದಪ್ಪ ಪೇಂಟಿಗೆ, ದೊಡ್ಡ ಗೋಡೆಗೆ ಸರಿ. ಇನ್ಲೇ ಚಿತ್ರಪಟಕ್ಕೆ ಅದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಎಚ್‌ವಿಎಲ್‌ಪಿ ಗನ್ನಿನ ಮೂತಿಯಲ್ಲಿ ಒತ್ತಡ 10 ಪಿಎಸ್‌ಐ ದಾಟೋಲ್ಲ, ಶೇ. 65ರಷ್ಟಾದರೂ ಮರಕ್ಕೆ ಹೋಗುತ್ತೆ. ಅದರಲ್ಲೂ ಎರಡು ಥರ. ಟರ್ಬೈನ್ ಅಗ್ಗದ್ದೂ ಸಿಗುತ್ತೆ, ಮನೆ ಪ್ಲಗ್ಗಿಗೇ ಹಾಕಬಹುದು, ಆದರೆ ಅದರ ಗಾಳಿ ಬಿಸಿ. ಸ್ಪಿರಿಟ್ ದಾರಿಯಲ್ಲೇ ಆರಿ ಅರಗು ಪುಡಿಯಾಗಿ ಕೂರುತ್ತೆ, ಮೈ ಒರಟಾಗುತ್ತೆ. ಹಾಗಾಗಿ ನಾವು ಕಂಪ್ರೆಸರ್‌ಗೆ ಜೋಡಿಸೋ ಎಚ್‌ವಿಎಲ್‌ಪಿ ಗನ್ನು ಆರಿಸಿದ್ದೀವಿ. ನೀರು ಹಿಡಿಯೋ ಫಿಲ್ಟರ್ ಬೇಕೇಬೇಕು, ಮಳೆಗಾಲದ ತೇವ ಸೇರಿದರೆ ಅರಗು ಬೆಳ್ಳಗೆ ಮಂಜು ಕಟ್ಟುತ್ತೆ. ಕಂಪ್ರೆಸರ್ ಮೋಟಾರು ಗೋಡೆಯಾಚೆ ಇರಲಿ; ಸ್ಪಿರಿಟ್ ಆವಿಗೆ ಸ್ವಿಚ್ಚಿನ ಒಂದು ಕಿಡಿ ಸಾಕು. ಮಾಸ್ಕು, ಎಕ್ಸಾಸ್ಟ್ ಫ್ಯಾನು ಬಜೆಟ್ಟಿನ ಒಳಗೇ ಬರಬೇಕು ಅಂತ ಹಟ ಹಿಡಿದಿದ್ದೀವಿ. ಜಲ್ದಿ ಆರುತ್ತೆ ಅಂತ ಥಿನ್ನರ್ ಲ್ಯಾಕರ್ ಹೊಡೆಯೋಣ ಅಂದವರಿಗೆ ಬೇಡ ಅಂದಿದ್ದೀವಿ, ಥಿನ್ನರ್ ಬಿಳಿ ಪ್ಲಾಸ್ಟಿಕ್ ತುಂಡುಗಳ ಅಂಚು ತಿನ್ನುತ್ತೆ.

ಇಷ್ಟಾದರೂ ಚಿತ್ರದ ಮುಖಕ್ಕೆ ಮೊದಲ ಕೈಗಳು ಹತ್ತಿ ಉಂಡೆಯಲ್ಲೇ ಆಗಬೇಕು. ಮರದ ರಂಧ್ರಕ್ಕೆ ಅರಗು ತುಂಬಿಸೋದು ಉಜ್ಜೋ ಕೈಯ ಒತ್ತಡ, ಗನ್ನಿನ ಗಾಳಿಯಲ್ಲ. ಚೌಕಟ್ಟು, ಹಿಂಬದಿ, ಕಾಲುಗಳಿಗೆ ಮಾತ್ರ ಸ್ಪ್ರೇ. ಪಾಲಿಶ್ ಮಾಡೋ ಹಿರಿಯರ ಕೆಲಸಕ್ಕೆ ಕುತ್ತು ಬರುತ್ತಾ ಅನ್ನೋ ನಮ್ಮ ಭಯ ಇದರಿಂದ ಸ್ವಲ್ಪ ಕಮ್ಮಿಯಾಯಿತು, ಪೂರ್ತಿ ಹೋಗಿಲ್ಲ.

ಅರಗಿನ ಕಾರ್ಖಾನೆ ಶುರುವಾದಾಗ ಮಹಾರಾಜರಿಗೆ ಐವತ್ಮೂರು. ಅಷ್ಟರಲ್ಲಿ ಕೈಲಾಸ ಮಾನಸಸರೋವರಕ್ಕೆ ಹೋಗಿ ಬಂದಿದ್ದರು, ಯೂರೋಪು ನೋಡಿದ್ದರು. ವೀಣೆ ನುಡಿಸುತ್ತಿದ್ದರು, ಇನ್ನೂ ಹಲವು ವಾದ್ಯಗಳು ಕೈಗೆ ಹತ್ತಿದ್ದವು. ಗಾಂಧೀಜಿಗೆ ಅವರು ರಾಜರ್ಷಿ. 1940ರ ಆಗಸ್ಟ್ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ, ತಮ್ಮನ ಮಗ ಜಯಚಾಮರಾಜ ಒಡೆಯರ್ ಪಟ್ಟಕ್ಕೆ ಬಂದರು. ಕಾರ್ಖಾನೆ ಸರ್ಕಾರದ ಕೈಗೆ ಬಂತು. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚೋ ಶಾಯಿ ಅಲ್ಲೇ ತಯಾರಾಗ್ತಿದೆ; ನಮ್ಮಲ್ಲಿ ವೋಟು ಹಾಕಿದವರ ಬೆರಳಿಗೆ ಹತ್ತಿದ್ದೂ ಅದೇ.