ಪಾಲಿಬಿಯಸ್: ಒತ್ತೆಯಾಳಾಗಿ ಬಂದು ಗುರುವಾದವನು

ನಮ್ಮ ಇತಿಹಾಸ ತರಗತಿಗಳಲ್ಲಿ ಗ್ರೀಸ್ ಮತ್ತು ರೋಮ್ ಎರಡು ಬೇರೆ ಬೇರೆ ಪಾಠಗಳು. ಒಂದು ಮುಗಿದ ಮೇಲೆ ಇನ್ನೊಂದು ಹುಟ್ಟಿತೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಉಳಿದುಬಿಡುತ್ತದೆ. ಈ ಎರಡು ನಾಗರಿಕತೆಗಳು ಒಂದೇ ಮನೆಯಲ್ಲಿ ಎದುರುಬದುರು ಕುಳಿತ ಕಾಲವೂ ಇತ್ತು ಎಂಬುದಕ್ಕೆ ಪಾಲಿಬಿಯಸನ ಬದುಕೇ ಸಾಕ್ಷಿ.

ಪಾಲಿಬಿಯಸ್ ಸುಮಾರು ಕ್ರಿ.ಪೂ. 200ರಲ್ಲಿ ದಕ್ಷಿಣ ಗ್ರೀಸಿನ ಮೆಗಲೊಪೊಲಿಸ್ ನಗರದಲ್ಲಿ ಹುಟ್ಟಿದ. ತಂದೆ ಲೈಕೋರ್ಟಸ್ ಅಖೀಯ ಒಕ್ಕೂಟದ ಮುಖಂಡ. ಮಗನೂ ಅದೇ ಒಕ್ಕೂಟದ ಅಶ್ವದಳದ ನಾಯಕನಾದ. ಕ್ರಿ.ಪೂ. 168ರ ಪಿಡ್ನಾ ಕದನದಲ್ಲಿ ರೋಮನ್ ಸೇನಾಪತಿ ಏಮಿಲಿಯಸ್ ಪೌಲಸ್ ಮ್ಯಾಸಿಡೋನಿಯದ ದೊರೆ ಪರ್ಸಿಯಸನನ್ನು ಸೋಲಿಸಿದ. ರೋಮ್‌ಗೆ ಮನಃಪೂರ್ವಕವಾಗಿ ನೆರವಾಗಲಿಲ್ಲವೆಂಬ ಸಂಶಯದ ಮೇಲೆ ಸಾವಿರ ಮಂದಿ ಅಖೀಯರನ್ನು ಇಟಲಿಗೆ ಸಾಗಿಸಲಾಯಿತು. ಅವರ ವಿಚಾರಣೆ ನಡೆಯಲೇ ಇಲ್ಲ. ಅವರಲ್ಲಿ ಪಾಲಿಬಿಯಸನೂ ಒಬ್ಬ.

ಉಳಿದವರನ್ನು ಇಟಲಿಯ ಊರೂರುಗಳಿಗೆ ಹಂಚಿದರೂ ಪಾಲಿಬಿಯಸ್ ರೋಮ್‌ನಲ್ಲೇ ಉಳಿದ. ಅದಕ್ಕೆ ಕಾರಣ ಪುಸ್ತಕಗಳು. ಪೌಲಸ್ ಸೋತ ದೊರೆಯ ಗ್ರಂಥಭಂಡಾರವನ್ನು ತನ್ನ ಮಕ್ಕಳಿಗೆ ಕೊಟ್ಟಿದ್ದ. ಆ ಮಕ್ಕಳೊಂದಿಗೆ ಪುಸ್ತಕಗಳ ಎರವಲು, ಅವುಗಳ ಕುರಿತ ಮಾತುಕತೆಯಿಂದ ಸ್ನೇಹ ಬೆಳೆಯಿತು. ಕಿರಿಯವನಾದ ಸಿಪಿಯೊ ಏಮಿಲಿಯಾನಸ್‌ಗೆ ಆಗ ಸುಮಾರು ಹದಿನೆಂಟು ವರ್ಷ. ನನ್ನ ಅಣ್ಣನ ಜೊತೆಗೇ ಏಕೆ ಮಾತನಾಡುತ್ತೀರಿ, ನನ್ನನ್ನು ಜನ ಮಂಕನೆನ್ನುವಂತೆ ನೀವೂ ಭಾವಿಸಿದ್ದೀರಾ ಎಂದು ಅವನು ಒಂದು ದಿನ ನಾಚುತ್ತಲೇ ಕೇಳಿದ. ಪಾಲಿಬಿಯಸ್ ಆ ಹುಡುಗನ ಮನಸ್ಸನ್ನು ಅರಿತುಕೊಂಡ. ತರಗತಿಯ ಹಿಂದಿನ ಸಾಲಿನ ವಿದ್ಯಾರ್ಥಿ ಒಮ್ಮೆ ಬಾಯಿ ಬಿಟ್ಟಾಗ ಶಿಕ್ಷಕನಾದವನು ಕಿವಿಗೊಡಬೇಕು, ಪಾಲಿಬಿಯಸ್ ಕಿವಿಗೊಟ್ಟ.

ಸುಮಾರು ಹದಿನೇಳು ವರ್ಷಗಳ ಬಳಿಕ, ಕ್ರಿ.ಪೂ. 150ರಲ್ಲಿ ಬಿಡುಗಡೆ ಸಿಕ್ಕಿತು. ಆ ಹೊತ್ತಿಗೆ ಸಾವಿರ ಮಂದಿಯಲ್ಲಿ ಮುನ್ನೂರು ಜನರೂ ಉಳಿದಿರಲಿಲ್ಲ.

ಕ್ರಿ.ಪೂ. 146ರಲ್ಲಿ ಸಿಪಿಯೊ ಕಾರ್ಥೇಜ್ ನಗರವನ್ನು ನಾಶಮಾಡಿದಾಗ ಗುರು ಪಕ್ಕದಲ್ಲೇ ಇದ್ದ. ಉರಿಯುವ ನಗರವನ್ನು ಕಂಡು ಸಿಪಿಯೊ ಕಣ್ಣೀರಿಟ್ಟು, ಟ್ರಾಯ್ ನಗರದ ಪತನವನ್ನು ಹೇಳುವ ಹೋಮರನ ಸಾಲುಗಳನ್ನು ನೆನೆದ. ಏಕೆಂದು ಗುರು ಕೇಳಿದಾಗ, ಒಂದು ದಿನ ರೋಮ್‌ಗೂ ಇದೇ ಗತಿ ಬರಬಹುದೆಂಬ ಭಯವನ್ನು ಹೇಳಿಕೊಂಡ. ಗೆದ್ದ ರೋಮನ್ನನಿಗೆ ತನ್ನ ಭಯವನ್ನು ಹೇಳಿಕೊಳ್ಳಲು ಗ್ರೀಕ್ ಕಾವ್ಯ ಬೇಕಾಯಿತು. ಆದರೆ ಆ ಕಾವ್ಯ ಕಾರ್ಥೇಜನ್ನು ಉಳಿಸಲಿಲ್ಲ. ಅದೇ ವರ್ಷ ಇನ್ನೊಬ್ಬ ಸೇನಾಪತಿ ಮಮ್ಮಿಯಸ್ ಗ್ರೀಸಿನ ಕೊರಿಂತ್ ನಗರವನ್ನು ನೆಲಸಮ ಮಾಡಿದ. ಪ್ರಸಿದ್ಧ ಚಿತ್ರಗಳನ್ನು ನೆಲಕ್ಕೆ ಎಸೆದು ಸೈನಿಕರು ಅವುಗಳ ಮೇಲೆ ಪಗಡೆಯಾಡುವುದನ್ನು ಪಾಲಿಬಿಯಸ್ ಕಣ್ಣಾರೆ ಕಂಡ. ಆಮೇಲೆ ಅವನು ಗ್ರೀಕ್ ನಗರಗಳನ್ನು ಸುತ್ತಿ, ಹೊಸ ಕಾನೂನಿನಡಿ ಬಾಳಲು ಜನರಿಗೆ ನೆರವಾದ. ಗೆದ್ದವರು ಕೊಡಲು ಬಂದ ಜಪ್ತಿ ಸೊತ್ತನ್ನು ಮಾತ್ರ ಮುಟ್ಟಲಿಲ್ಲ.

ರೋಮ್ ಐವತ್ಮೂರು ವರ್ಷಗಳೊಳಗೆ ತಾನು ಬಲ್ಲ ಲೋಕವನ್ನೆಲ್ಲ ಹೇಗೆ ಆಳಿತು ಎಂಬ ಪ್ರಶ್ನೆಗೆ ಉತ್ತರವಾಗಿ ಪಾಲಿಬಿಯಸ್ ನಲವತ್ತು ಸಂಪುಟಗಳ ಇತಿಹಾಸ ಬರೆದ. ಪೂರ್ಣವಾಗಿ ಉಳಿದಿರುವುದು ಮೊದಲ ಐದು ಮಾತ್ರ. ಹ್ಯಾನಿಬಲ್ ಹಾದುಹೋದ ದಾರಿಯನ್ನು ಅರಿಯಲು ಆಲ್ಪ್ಸ್ ಪರ್ವತವನ್ನು ತಾನೇ ದಾಟಿದ. ಹಾಗೆಂದು ಅವನು ಪಕ್ಷಪಾತವಿಲ್ಲದವನೇನಲ್ಲ: ಸಿಪಿಯೊ ಮನೆತನದ ಮೇಲೆ ಒಲವು, ಐಟೋಲಿಯರ ಮೇಲೆ ಕಹಿ ಅವನ ಬರಹದಲ್ಲಿ ಕಾಣುತ್ತವೆ.

ಪಾಲಿಬಿಯಸನಿಂದ ಬೋಧನಾಭ್ಯಾಸಕ್ಕೆ ಒದಗುವ ಸಾಧನವೊಂದಿದೆ. ಯುದ್ಧದ ಕಾರಣ, ನೆಪ, ಆರಂಭ ಈ ಮೂರನ್ನೂ ಬೇರೆಬೇರೆಯಾಗಿ ನೋಡಬೇಕೆಂದು ಅವನು ಕಲಿಸಿದ. ಅಲೆಕ್ಸಾಂಡರ್ ಏಷ್ಯಾಕ್ಕೆ ಕಾಲಿಟ್ಟದ್ದು ಆರಂಭ. ಪರ್ಷಿಯನ್ನರ ಹಳೆಯ ಅನ್ಯಾಯಕ್ಕೆ ಸೇಡು ಎಂದದ್ದು ನೆಪ. ಪರ್ಷಿಯ ದುರ್ಬಲವಾಗಿದೆ ಎಂದು ಹಿಂದಿನ ಗ್ರೀಕ್ ದಂಡಯಾತ್ರೆಗಳಿಂದ ತಿಳಿದುಬಂದದ್ದು ಕಾರಣ. ಮುಂದಿನ ಅಭ್ಯಾಸ ಪಾಠದಲ್ಲಿ ಯುದ್ಧಗಳ ಇಸವಿಗಳನ್ನು ಕಪ್ಪುಹಲಗೆಯ ಮೇಲೆ ಪಟ್ಟಿ ಮಾಡುವ ಮೊದಲು ಅಲ್ಲಿ ಈ ಮೂರು ಅಂಕಣಗಳನ್ನು ಎಳೆದು, ತುಂಬುವ ಕೆಲಸವನ್ನು ಮಕ್ಕಳಿಗೇ ಬಿಟ್ಟು ನೋಡಿ.