ಕೋಣೆಗೊಂದು ಬಚ್ಚಲು ಕೊಟ್ಟ ಸ್ಟಾಟ್ಲರ್

ನನ್ನ ಸೋದರಳಿಯನೊಬ್ಬನು ಉದ್ಯೋಗದ ನಿಮಿತ್ತ ಅಮೆರಿಕದ ಊರೂರು ಅಲೆಯುವವನು. ಕಳೆದ ಬೇಸಗೆಯಲ್ಲಿ ಮನೆಗೆ ಬಂದಿದ್ದಾಗ ತನಗೊದಗಿದ ಒಂದು ಧರ್ಮಸಂಕಟವನ್ನು ವಿವರಿಸಿದನು. ಕ್ಲೀವ್‌ಲೆಂಡ್ ನಗರದ ನಡುಪೇಟೆಯಲ್ಲಿ ಎರಡು ಹೋಟೆಲುಗಳು. ಒಂದು, ಇವನು ಹೋಗಬೇಕಾಗಿದ್ದ ಕಚೇರಿಯ ಎದುರಿಗೇ ಇತ್ತು, ಬಾಡಿಗೆಯೂ ಕಡಿಮೆ. ಇನ್ನೊಂದು ಯೂಕ್ಲಿಡ್ ಬೀದಿಯಲ್ಲಿ ಹತ್ತು ನಿಮಿಷದ ನಡಿಗೆಯಷ್ಟು ದೂರ, ಬಾಡಿಗೆ ಹೆಚ್ಚು. ಆದರೆ ಆ ಎರಡನೆಯದು ಇವನು ಸದಸ್ಯನಾಗಿರುವ ಸಂಸ್ಥೆಗೆ ಸೇರಿದುದು. ಅಲ್ಲಿ ತಂಗಿದ ಪ್ರತಿಯೊಂದು ರಾತ್ರಿಗೂ ಇವನ ಲೆಕ್ಕಕ್ಕೆ ಪಾಯಿಂಟುಗಳು ಜಮೆಯಾಗುತ್ತವೆ. ಇನ್ನು ನಾಲ್ಕು ರಾತ್ರಿ ಕಳೆದರೆ ಸದಸ್ಯತ್ವದ ಮೇಲಿನ ದರ್ಜೆ. ಡಿಸೆಂಬರಿನ ಚಳಿಯಲ್ಲಿ, ಸರೋವರದ ಗಾಳಿಗೆ ಮುಖವೊಡ್ಡಿ, ಪೆಟ್ಟಿಗೆಯನ್ನೆಳೆದುಕೊಂಡು ನಡೆದು ಹೋಗಿ ಎರಡನೆಯದರಲ್ಲಿಯೇ ಇಳಿದುಕೊಂಡನಂತೆ. ಏಕಪ್ಪಾ ಎಂದು ಕೇಳಿದರೆ, ಅಭ್ಯಾಸ ಮಾವ, ಎಂದು ನಕ್ಕುಬಿಟ್ಟನು.

ಅವನೊಡನೆ ನಾನೂ ನಕ್ಕೆನು. ಆದರೆ ಕಂಡರಿಯದ ಊರಿಗೆ ಹೋದಾಗ ಹೋಟೆಲನ್ನು ಕಣ್ಣಾರೆ ನೋಡಿ ಆರಿಸದೆ, ಅದರ ಹೆಸರನ್ನು ನೋಡಿ ಆರಿಸುವ ಈ ಅಭ್ಯಾಸವನ್ನು ಅಮೆರಿಕದ ಪ್ರಯಾಣಿಕನಿಗೆ ಕಲಿಸಿದವರಲ್ಲಿ ಮೊದಲಿಗನೆನ್ನಬಹುದಾದವನು ಒಬ್ಬನುಂಟು. ಆತನ ಹೆಸರು ಎಲ್ಸ್‌ವರ್ತ್ ಮಿಲ್ಟನ್ ಸ್ಟಾಟ್ಲರ್. ಕನ್ನಡದಲ್ಲಿ ಹೋಟೆಲೆಂದೊಡನೆ ದೋಸೆ, ಕಾಫಿಗಳ ನೆನಪು ಬರುವುದು ಸಹಜ. ಇಲ್ಲಿ ಹೇಳಹೊರಟಿರುವುದು ರಾತ್ರಿ ತಂಗುವ ಹೋಟೆಲಿನ ಮಾತು.

ಸ್ಟಾಟ್ಲರನು ಹುಟ್ಟಿದುದು 1863ರ ಅಕ್ಟೋಬರಿನಲ್ಲಿ, ಪೆನ್ಸಿಲ್ವೇನಿಯಾ ರಾಜ್ಯದಲ್ಲಿ. ಅಮೆರಿಕದ ಅಂತರ್ಯುದ್ಧವು ನಡೆಯುತ್ತಿದ್ದ ಕಾಲ ಅದು. ತಂದೆ ಬಡ ಪಾದ್ರಿ, ಮಕ್ಕಳು ಹಲವರು. ಸಂಸಾರವು ಓಹಾಯೋ ನದಿಯ ದಡದ ಬ್ರಿಜ್‌ಪೋರ್ಟ್ ಎಂಬ ಊರಿಗೆ ವಲಸೆ ಹೋಯಿತು. ಅಲ್ಲಿನ ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸಕ್ಕೆ ನಿಂತಾಗ ಹುಡುಗನಿಗೆ ಒಂಬತ್ತು ವರ್ಷ. ನಮ್ಮ ಮಕ್ಕಳು ಮಗ್ಗಿ ಬಾಯಿಪಾಠ ಮಾಡುವ ವಯಸ್ಸಿನಲ್ಲಿ ಇವನು ಕೆಂಡದಂಥ ಗಾಜನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದನು.

ನದಿಯ ಆಚೆಯ ದಡದಲ್ಲಿ ವೀಲಿಂಗ್ ಪಟ್ಟಣ. ಅಲ್ಲಿ ಮೆಕ್ಲೂರ್ ಹೌಸ್ ಎಂಬುದು ದೊಡ್ಡ ಹೋಟೆಲು. ಹದಿಮೂರನೆಯ ವಯಸ್ಸಿನಲ್ಲಿ ಸ್ಟಾಟ್ಲರನು ಅಲ್ಲಿ ಬೆಲ್‌ಬಾಯ್ ಆಗಿ ಸೇರಿದನು. ಗಂಟೆ ಬಾರಿಸಿದೊಡನೆ ಓಡಿಬಂದು ಅತಿಥಿಯ ಪೆಟ್ಟಿಗೆ ಹೊರುವುದು, ನೀರು ತರುವುದು, ಒಲೆಗೆ ಉರಿ ಹಾಕುವುದು ಈ ಹುಡುಗರ ಕೆಲಸ. ಸಂಬಳ ಹೆಸರಿಗೆ ಮಾತ್ರ. ಹೊಟ್ಟೆ ತುಂಬುತ್ತಿದ್ದುದು ಅತಿಥಿಗಳು ಕೈಯಲ್ಲಿಟ್ಟ ಚಿಲ್ಲರೆಯಿಂದ. ಎರಡು ವರ್ಷಗಳಲ್ಲಿ ಆ ಹುಡುಗರಿಗೆಲ್ಲ ಮುಖ್ಯಸ್ಥನಾದನು. ಆಮೇಲೆ ರಾತ್ರಿಯ ಗುಮಾಸ್ತನಾಗಿ ಲೆಕ್ಕಪತ್ರ ಬರೆಯುವುದನ್ನು ಕಲಿತನು. ಹೋಟೆಲಿನ ಮೂಲೆಯಲ್ಲಿ ಆದಾಯವಿಲ್ಲದೆ ಬಿದ್ದಿದ್ದ ಬಿಲಿಯರ್ಡ್ ಕೋಣೆಯನ್ನು ಗುತ್ತಿಗೆಗೆ ಹಿಡಿದು ಲಾಭಕ್ಕೆ ತಂದನು. ರೈಲು ಟಿಕೆಟ್ಟು ಮಾರುವ ಹಕ್ಕನ್ನು ಪಡೆದನು. ಚೆಂಡುರುಳಿಸುವ ಆಟದ ಅಂಕಣವನ್ನೂ ಸಣ್ಣದೊಂದು ಊಟದ ಅಂಗಡಿಯನ್ನೂ ನಡೆಸಿದನು. ಶಾಲೆಯ ಓದು ಹೆಚ್ಚೇನೂ ಇರಲಿಲ್ಲ. ಆದರೆ ಮೆಟ್ಟಿಲ ಮೇಲೆ ಕಲಿತ ಪಾಠವೊಂದಿತ್ತು. ಮೇಲಂತಸ್ತಿನ ಅತಿಥಿಗೆ ಕುಡಿಯಲು ತಣ್ಣೀರು ಬೇಕಾದರೆ ಹೂಜಿ ಹೊತ್ತ ಹುಡುಗನೊಬ್ಬನು ಮೆಟ್ಟಿಲೇರಬೇಕು. ಮೂರು ದಶಕಗಳ ತರುವಾಯ ಸ್ಟಾಟ್ಲರನ ಹೋಟೆಲುಗಳಲ್ಲಿ ಮಂಜಿನಷ್ಟು ತಣ್ಣನೆಯ ಕುಡಿಯುವ ನೀರು ಕೊಳವೆಯ ಮೂಲಕ ಕೋಣೆಕೋಣೆಗೂ ಹರಿಯಿತು. ಅದನ್ನು ಯೋಜಿಸಿದವನು ಹೂಜಿಯ ಭಾರವನ್ನು ಬಲ್ಲವನು.

1890ರ ದಶಕದ ನಡುವಿನಲ್ಲಿ ಮದುವೆಯಾಗಿ ಆತನು ಬಫಲೋ ನಗರಕ್ಕೆ ಬಂದನು. ಹೊಸದಾಗಿ ಎದ್ದಿದ್ದ ಎಲಿಕಾಟ್ ಸ್ಕ್ವೇರ್ ಕಟ್ಟಡದಲ್ಲಿ ದೊಡ್ಡದೊಂದು ಊಟದ ಮನೆಯನ್ನು ತೆರೆದನು. ಆ ಊರಿನವರಿಗೆ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುವ ರೂಢಿ. ಹೀಗಾಗಿ ಮೇಜುಗಳು ಖಾಲಿ ಉಳಿದವು, ಸಾಲ ಬೆಳೆಯಿತು. ದಿವಾಳಿಯ ಅಂಚಿನಿಂದ ಹಿಂದಿರುಗಿ ಬಂದನು. 1901ರಲ್ಲಿ ಬಫಲೋದಲ್ಲಿ ಪ್ಯಾನ್ ಅಮೆರಿಕನ್ ವಸ್ತುಪ್ರದರ್ಶನ ಏರ್ಪಟ್ಟಾಗ ಮರದ ಹಲಗೆಗಳಿಂದ ಎರಡು ಸಾವಿರಕ್ಕೂ ಮಿಕ್ಕ ಕೋಣೆಗಳ ತಾತ್ಕಾಲಿಕ ಹೋಟೆಲೊಂದನ್ನು ಕಟ್ಟಿಸಿದನು. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಮೆಕಿನ್ಲಿಯವರು ಆ ಪ್ರದರ್ಶನದಲ್ಲಿಯೇ ಗುಂಡೇಟು ತಿಂದು ಕೆಲವು ದಿನಗಳಲ್ಲಿ ತೀರಿಕೊಂಡರು. ಉತ್ಸವಕ್ಕೆ ಸೂತಕ ಕವಿಯಿತು. ಇಷ್ಟಾದರೂ ಈ ಮನುಷ್ಯನು 1904ರಲ್ಲಿ ಸೇಂಟ್ ಲೂಯಿ ನಗರದ ವಿಶ್ವಪ್ರದರ್ಶನದಲ್ಲಿ ಮತ್ತೆ ಅದೇ ಸಾಹಸಕ್ಕೆ ಇಳಿದನು. ಈ ಸಲ ಹೋಟೆಲನ್ನು ಪ್ರದರ್ಶನದ ಆವರಣದೊಳಗೇ ಕಟ್ಟಿಸಿದನು. ಹೆಸರು ಕೂಡ ಇನ್‌ಸೈಡ್ ಇನ್. ಆವರಣದೊಳಗೆ ತಂಗಲು ಬೇರೆ ಹೋಟೆಲೇ ಇರಲಿಲ್ಲ. ಕಾಫಿ ಕಾಯಿಸುವ ದೊಡ್ಡ ಪಾತ್ರೆಯೊಂದು ಸಿಡಿದು ಮೈ ಸುಟ್ಟುಹೋದರೂ ಗಾಲಿಕುರ್ಚಿಯಲ್ಲಿ ಕುಳಿತು ಮೇಲ್ವಿಚಾರಣೆ ನಡೆಸಿದನು. ಕೊನೆಗೆ ಲಕ್ಷಗಟ್ಟಲೆ ಡಾಲರುಗಳ ಲಾಭ ಕೈಗೆ ಬಂತು. ಸ್ಥಳದ ಮಹಿಮೆಯನ್ನು ಆತನಿಗೆ ಕಲಿಸಿದುದು ಆ ಹೋಟೆಲಿನ ಗೆಲುವೇ ಇರಬೇಕು. ಹೋಟೆಲಿಗೆ ಮುಖ್ಯವಾದ ಮೂರು ಅಂಶಗಳಾವುವೆಂದು ಕೇಳಿದಾಗ ಮೂರು ಸಲವೂ ಸ್ಥಳವೆಂದೇ ಉತ್ತರಿಸಿದನೆಂಬ ಪ್ರತೀತಿ ಆತನ ವೃತ್ತಿಯವರಲ್ಲಿ ಬೆಳೆದುಬಂದಿದೆ.

ಇಲ್ಲಿಂದ ಮುಂದಿನದೇ ಆತನ ನಿಜವಾದ ಕೆಲಸ. ಅದನ್ನು ತಿಳಿಯಬೇಕಾದರೆ ಅಂದಿನ ಸಾಮಾನ್ಯ ಪ್ರಯಾಣಿಕನ ಅವಸ್ಥೆಯನ್ನು ನೆನೆಯಬೇಕು. ಮಾದರಿಗಳ ಪೆಟ್ಟಿಗೆ ಹೊತ್ತು ಊರಿಂದೂರಿಗೆ ಹೋಗುವ ಮಾರಾಟಗಾರನು ರೈಲಿಳಿದು ನಡುಪೇಟೆಗೆ ಬಂದರೆ ಅವನ ಮುಂದೆ ಎರಡು ದಾರಿಗಳು. ಅಮೃತಶಿಲೆಯ ಕಂಬಗಳ ಸಿರಿವಂತ ಹೋಟೆಲು ಒಂದು. ಅಲ್ಲಿಯ ಬಾಡಿಗೆಯನ್ನು ಇವನ ಯಜಮಾನನು ಕೊಡಲೊಲ್ಲ. ಇನ್ನೊಂದು ಅಗ್ಗದ ಹೋಟೆಲು. ಅಲ್ಲಿ ಸ್ನಾನಕ್ಕೆ ಹೆಗಲ ಮೇಲೆ ಟವೆಲು ಹಾಕಿಕೊಂಡು ಓಣಿಯ ಕೊನೆಯವರೆಗೆ ಹೋಗಿ, ಮುಂದೆ ನಿಂತವರ ಸರದಿ ಮುಗಿಯುವ ತನಕ ಕಾಯಬೇಕು. ಯಾವ ಊರಿನಲ್ಲಿ ಯಾವುದು ಸಿಕ್ಕೀತೆಂಬುದು ಅದೃಷ್ಟದ ಮಾತು.

1908ರ ಜನವರಿಯಲ್ಲಿ ಬಫಲೋದ ನಡುಪೇಟೆಯಲ್ಲಿ ಸ್ಟಾಟ್ಲರನ ಮೊದಲ ಶಾಶ್ವತ ಹೋಟೆಲು ತೆರೆಯಿತು. ಮುನ್ನೂರು ಕೋಣೆಗಳು, ಮುನ್ನೂರು ಬಚ್ಚಲುಗಳು. ಬಾಡಿಗೆ ಒಂದೂವರೆ ಡಾಲರಿನಿಂದ ಮೊದಲು. ಅಷ್ಟು ಅಗ್ಗದ ದರಕ್ಕೆ ಕೋಣೆಗೊಂದರಂತೆ ಬಚ್ಚಲು ಕೊಟ್ಟರೆ ದಿವಾಳಿ ನಿಶ್ಚಿತವೆಂದು ಬಲ್ಲವರು ತಲೆಯಾಡಿಸಿದರು. ಅವರ ಲೆಕ್ಕ ತಪ್ಪಿದುದು ಗೋಡೆಯೊಳಗೆ. ಅಕ್ಕಪಕ್ಕದ ಎರಡು ಕೋಣೆಗಳ ಬಚ್ಚಲುಗಳನ್ನು ಸ್ಟಾಟ್ಲರನು ಬೆನ್ನಿಗೆ ಬೆನ್ನು ಹೊಂದಿಸಿ ಕಟ್ಟಿಸಿದನು. ನಡುವೆ ನೆಲದಿಂದ ಸೂರಿನವರೆಗೆ ಕಿರಿದಾದ ಒಂದು ಕೊಳವಿದಾರಿ. ನೀರು ತರುವ ಕೊಳವೆ, ಕೊಳೆ ಒಯ್ಯುವ ಕೊಳವೆ, ಬಿಸಿಯ ಕೊಳವೆ, ವಿದ್ಯುತ್ತಿನ ತಂತಿ ಎಲ್ಲವೂ ಅದರೊಳಗೆ. ಅಂತಸ್ತಿನ ಮೇಲೆ ಅಂತಸ್ತು ಅದೇ ನಕ್ಷೆ ಬಂದುದರಿಂದ ಒಂದೇ ಸಾಲಿನ ಕೊಳವೆಗಳು ಪ್ರತಿಯೊಂದು ಅಂತಸ್ತಿನಲ್ಲಿಯೂ ಎರಡೆರಡು ಬಚ್ಚಲುಗಳಿಗೆ ಸಾಕಾದವು. ಕೊಳವೆ ಕೆಟ್ಟರೆ ಗೋಡೆ ಒಡೆಯದೆ ರಿಪೇರಿ ಮಾಡಬಹುದು. ಅತಿಥಿಯ ಕಣ್ಣಿಗೆ ಎಂದೂ ಬೀಳದ ಈ ಕತ್ತಲೆಯ ಸಂದಿಯೇ ಒಂದೂವರೆ ಡಾಲರಿನ ಗುಟ್ಟು. ಕಟ್ಟಡ ಕಟ್ಟುವವರು ಮುಂದೆ ಅದಕ್ಕೆ ಆತನ ಹೆಸರನ್ನೇ ಇಟ್ಟು ಕರೆದರು.

ಉಳಿದ ಸೌಕರ್ಯಗಳನ್ನು ಕೇಳಿದರೆ ಇದೇನು ಮಹಾ ಎನ್ನಿಸಬಹುದು. ಬಾಗಿಲು ತೆರೆದೊಡನೆ ಕೈಗೆಟುಕುವಂತೆ ದೀಪದ ಗುಂಡಿ. ಅದಕ್ಕೆ ಮೊದಲು ಕತ್ತಲೆಯಲ್ಲಿ ಕೋಣೆಯ ನಡುವಿನವರೆಗೆ ತಡವರಿಸಿಕೊಂಡು ಹೋಗುವುದು ಪ್ರಯಾಣಿಕರ ಪಾಡಾಗಿತ್ತು. ಬಾಗಿಲ ಹಿಡಿಯ ಕೆಳಗಿರುತ್ತಿದ್ದ ಬೀಗದ ಕಂಡಿಯನ್ನು ಹಿಡಿಯ ಮೇಲಕ್ಕೆ ಸಾಗಿಸಿದನು; ಹಿಡಿಯ ನೆರಳು ಕಂಡಿಯನ್ನು ಮರೆಮಾಡದಿರಲೆಂದು. ಆಳೆತ್ತರದ ಕನ್ನಡಿ, ಕೋಣೆಗೊಂದು ಟೆಲಿಫೋನು, ಬರೆಯಲು ಕಾಗದ, ಗುಂಡಿ ಕಿತ್ತುಬಂದರೆ ಹೊಲಿದುಕೊಳ್ಳಲು ಸೂಜಿ ದಾರ, ಬೆಳಗ್ಗೆ ಪುಕ್ಕಟೆ ವೃತ್ತಪತ್ರಿಕೆ. ಒಂದೊಂದೂ ಚಿಕ್ಕದು. ಆದರೆ ರಾತ್ರಿ ಗುಮಾಸ್ತನ ಮೇಜಿನ ಮುಂದೆ ನಿಂತು ಗೊಣಗಿದ ನೂರಾರು ಜನರ ಮಾತಿಗೆ ಯಾರೋ ಕಿವಿಗೊಟ್ಟಿದ್ದರೆಂಬುದಕ್ಕೆ ಒಂದೊಂದೂ ಸಾಕ್ಷಿ. ಭೋಗವನ್ನು ಕೊಡುವ ಹೋಟೆಲುಗಳು ಆಗಲೇ ಬೇಕಾದಷ್ಟು ಇದ್ದವು. ಸ್ಟಾಟ್ಲರನು ಕೈಹಾಕಿದುದು ಕಿರಿಕಿರಿಯನ್ನು ನಿವಾರಿಸುವುದಕ್ಕೆ.

ಕ್ಲೀವ್‌ಲೆಂಡಿನಲ್ಲಿ 1912, ಡೆಟ್ರಾಯಿಟಿನಲ್ಲಿ 1915, ಸೇಂಟ್ ಲೂಯಿಯಲ್ಲಿ 1917, ಹೀಗೆ ಒಂದರ ಹಿಂದೊಂದು ಹೋಟೆಲುಗಳು ಎದ್ದವು. 1919ರಲ್ಲಿ ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ರೈಲುನಿಲ್ದಾಣದ ಎದುರಿಗೆ ರೈಲ್ವೆ ಕಂಪನಿಯವರು ಕಟ್ಟಿಸಿದ 2,200 ಕೋಣೆಗಳ ಹೋಟೆಲ್ ಪೆನ್ಸಿಲ್ವೇನಿಯಾವನ್ನು ಆತನು ಗೇಣಿಗೆ ಪಡೆದು ನಡೆಸಿದನು. ಬಫಲೋದಲ್ಲಿ 1923ರಲ್ಲಿ ಇನ್ನೂ ದೊಡ್ಡದೊಂದನ್ನು ಕಟ್ಟಿದನು; 1927ರಲ್ಲಿ ಬಾಸ್ಟನ್ನಿನಲ್ಲಿ ತೆರೆದ ಹೋಟೆಲಿನ ಕೋಣೆಗಳಲ್ಲಿ ರೇಡಿಯೋ ಕೂಡ ಇತ್ತು. ಎಲ್ಲವೂ ನಡುಪೇಟೆಯ ಹೋಟೆಲುಗಳೇ. ಒಂದು ಊರಿನಲ್ಲಿ ಸ್ಟಾಟ್ಲರನ ಕೋಣೆಯಲ್ಲಿ ಮಲಗಿದ್ದವನು ಇನ್ನೊಂದು ಊರಿನಲ್ಲಿ ಅದೇ ಹೆಸರಿನ ಬಾಗಿಲನ್ನು ತೆರೆದರೆ ದೀಪದ ಗುಂಡಿ ಎಲ್ಲಿರುವುದೆಂದು ಕೈಗೇ ಗೊತ್ತು. ಅಂಥವನಿಗೆ ಆಯ್ಕೆಯ ಚಿಂತೆಯೇ ಇರಲಿಲ್ಲ. ಇದರಲ್ಲಿ ನಷ್ಟವೂ ಉಂಟೆಂದು ನನಗನಿಸುತ್ತದೆ. ಊರು ಬದಲಾದರೂ ಕೋಣೆ ಬದಲಾಗದಿದ್ದರೆ, ಪ್ರಯಾಣದ ಅರ್ಧ ರುಚಿ ಹೋಯಿತಲ್ಲವೇ? ಆದರೆ ಮಾದರಿಪೆಟ್ಟಿಗೆಯ ಮಾರಾಟಗಾರನು ರುಚಿಗಾಗಿ ಊರು ಸುತ್ತಿದವನಲ್ಲ. ದಣಿದು ಬಂದವನಿಗೆ ಹೊಸತನಕ್ಕಿಂತ ಹಾಸಿಗೆ ಮುಖ್ಯ.

ಆತನ ನಡವಳಿಕೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಸೇವೆಯ ಕಟ್ಟಳೆ. ನೌಕರರಿಗೆಲ್ಲ ಕಿರುಹೊತ್ತಗೆಯೊಂದನ್ನು ಅಚ್ಚು ಹಾಕಿಸಿ ಹಂಚಿದ್ದನು. ಅತಿಥಿಯೊಡನೆ ವಾದ ಕೂಡದು, ಅತಿಥಿ ಹೇಳಿದುದೇ ಸರಿ ಎಂಬುದು ಅದರ ಸಾರ. ಅತಿಥಿಗೆ ಇದು ಹಿತವೇ. ಆದರೆ ಸುಳ್ಳು ದೂರು ಹೇಳುವ ಅತಿಥಿಯ ಮುಂದೆ ಬಾಯಿ ಕಟ್ಟಿ ನಿಲ್ಲಬೇಕಾದವನು ಯಾರು? ಹದಿಮೂರು ವರ್ಷದ ಒಬ್ಬ ಸ್ಟಾಟ್ಲರನೇ ಅಲ್ಲವೇ? ಆತನಿಗೆ ಇದು ಹೊಳೆಯಲಿಲ್ಲವೆಂದು ಹೇಳಲಾಗದು. ನೌಕರರು ಕಂಪನಿಯ ಷೇರುಗಳನ್ನು ಕೊಂಡು ಪಾಲುದಾರರಾಗುವ ಏರ್ಪಾಡನ್ನು ಮಾಡಿದನು. ಹೋಟೆಲ್ ಪೆನ್ಸಿಲ್ವೇನಿಯಾದ ಬಾಗಿಲುಗಳಿಗೆ ಉಬ್ಬಿದ ಟೊಳ್ಳು ಪೆಟ್ಟಿಗೆಯಂಥ ರಚನೆಯನ್ನು ಮಾಡಿಸಿದನು. ಅತಿಥಿ ಒಳಗಿನಿಂದ ಅದರಲ್ಲಿ ಬಟ್ಟೆ ತೂಗುಹಾಕಿದರೆ ಆಳು ಹೊರಗಿನಿಂದಲೇ ಒಯ್ದು, ಇಸ್ತ್ರಿ ಮಾಡಿಸಿ ತಂದಿಡುವನು. ಭಕ್ಷೀಸಿಗಾಗಿ ಒಬ್ಬನು ಕೈಚಾಚುವ, ಇನ್ನೊಬ್ಬನು ಜೇಬು ತಡಕುವ ಮುಜುಗರ ಇಬ್ಬರಿಗೂ ತಪ್ಪಿತು. ಆದರೆ ಭಕ್ಷೀಸಿನಿಂದಲೇ ಹೊಟ್ಟೆ ಹೊರೆದಿದ್ದವನು ಮಾಡಿದ ಏರ್ಪಾಡು ಇದೆಂಬುದನ್ನು ನೆನೆದಾಗ, ಆ ಆಳಿನ ಪಾಲಿಗೆ ಇದು ಲಾಭವೋ ನಷ್ಟವೋ ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿದೇ ಇದೆ.

ಕಾಲೇಜಿನಲ್ಲಿ ಓದಿ ಹೋಟೆಲು ನಡೆಸುವುದನ್ನು ಕಲಿಯಬಹುದೆಂಬುದರಲ್ಲಿ ಆತನಿಗೆ ಬಹುಕಾಲ ನಂಬಿಕೆಯಿರಲಿಲ್ಲ. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ 1922ರಲ್ಲಿ ಆರಂಭವಾಗಿದ್ದ ಹೋಟೆಲು ಶಿಕ್ಷಣವನ್ನು ಕೊನೆಗಾಲದಲ್ಲಿ ಕಣ್ಣಾರೆ ಕಂಡು, ವಿದ್ಯಾರ್ಥಿಗಳು ಬಡಿಸಿದ ಔತಣವನ್ನುಂಡು ಮನಸ್ಸು ಬದಲಿಸಿದನು. ಆತನ ಆಸ್ತಿಯಿಂದ ಸ್ಥಾಪಿತವಾದ ಪ್ರತಿಷ್ಠಾನದ ಬೆಂಬಲ ಆ ವಿದ್ಯಾಲಯಕ್ಕೆ ಧಾರಾಳವಾಗಿ ಒದಗಿತು. ಪಾಠ ಹೇಳಿಯೇ ಜೀವಿಸುವ ನನ್ನಂಥವರಿಗೆ ಇದು ಸ್ವಲ್ಪ ಸಮಾಧಾನದ ಸಂಗತಿ.

1928ರ ಏಪ್ರಿಲ್ 16ರಂದು ನ್ಯೂಮೋನಿಯಾದಿಂದ ಸ್ಟಾಟ್ಲರನು ನ್ಯೂಯಾರ್ಕಿನಲ್ಲಿ ತೀರಿಕೊಂಡನು. ಮರುವರ್ಷವೇ ಆರ್ಥಿಕ ಮುಗ್ಗಟ್ಟು. ಅಮೆರಿಕದ ಬಹುಪಾಲು ಹೋಟೆಲುಗಳು ಸಾಲಗಾರರ ಕೈಸೇರಿದ ಆ ವರ್ಷಗಳಲ್ಲಿ ಆತನ ಎರಡನೆಯ ಪತ್ನಿ, ಹಿಂದೆ ಆತನ ಕಾರ್ಯದರ್ಶಿಯಾಗಿದ್ದ ಆಲಿಸ್, ಸಂಸ್ಥೆ ಮುಳುಗದಂತೆ ಕಾಪಾಡಿದಳು. 1954ರಲ್ಲಿ ಅದನ್ನು ಕಾನ್ರಾಡ್ ಹಿಲ್ಟನ್ನನು 111 ದಶಲಕ್ಷ ಡಾಲರುಗಳಿಗೆ ಕೊಂಡನು. ಆತನ ಹೆಸರಿನ ಕಂಪನಿಯು 1987ರಲ್ಲಿ ಸದಸ್ಯರಿಗೆ ಪಾಯಿಂಟು ಕೊಡುವ ಯೋಜನೆಯನ್ನು ಹೊರಡಿಸಿತು. ಅದಕ್ಕೆ ನಾಲ್ಕು ವರ್ಷ ಮೊದಲೇ ಹಾಲಿಡೇ ಇನ್, ಮ್ಯಾರಿಯಟ್ ಸಂಸ್ಥೆಗಳು ಈ ಹಾದಿ ಹಿಡಿದಿದ್ದವು; ಅವರೆಲ್ಲರಿಗೂ ಮೇಲ್ಪಂಕ್ತಿಯಾದುದು 1981ರ ಅಮೆರಿಕದ ವಿಮಾನ ಕಂಪನಿಗಳ ಯೋಜನೆ.

ಈ ಹೊಸ ಏರ್ಪಾಡಿನಲ್ಲಿ ಒಂದು ಸೂಕ್ಷ್ಮವುಂಟು. ಕೆಲಸದ ಮೇಲೆ ಹೋದವನ ಕೋಣೆಯ ಬಾಡಿಗೆಯನ್ನು ತೆರುವುದು ಅವನ ಯಜಮಾನ. ಪಾಯಿಂಟು ಸೇರುವುದು ಅವನ ಸ್ವಂತ ಲೆಕ್ಕಕ್ಕೆ. ಆದುದರಿಂದಲೇ ಹೆಚ್ಚಿನ ಬಾಡಿಗೆಯ ಹೋಟೆಲು ಅವನಿಗೆ ಅಗ್ಗವಾಗಿ ಕಾಣುತ್ತದೆ. ಸ್ಟಾಟ್ಲರನ ಕಾಲದಲ್ಲಿಯೂ ಹಣ ಯಜಮಾನನದೇ. ಆದರೆ ಅಂದು ಅತಿಥಿಯನ್ನು ಮತ್ತೆ ಅದೇ ಬಾಗಿಲಿಗೆ ಕರೆತಂದುದು ಕಳೆದ ಸಲದ ನಿದ್ದೆಯ ನೆನಪು. ಇಂದು ಕರೆತರುವುದು ಮುಂದಿನ ಸಲದ ಆಸೆ. ಸೋದರಳಿಯನನ್ನು ಕೇಳಿದೆನು, ಆ ಎರಡನೆಯ ಹೋಟೆಲಿನ ಕೋಣೆ ಹೇಗಿತ್ತೆಂದು. ಸ್ವಲ್ಪ ಹೊತ್ತು ಯೋಚಿಸಿ, ನೆನಪಿಲ್ಲವೆಂದನು.

ಬಫಲೋದ 1908ರ ಕಟ್ಟಡ ಈಗಿಲ್ಲ. ನ್ಯೂಯಾರ್ಕಿನ ಹೋಟೆಲ್ ಪೆನ್ಸಿಲ್ವೇನಿಯಾ 2020ರಲ್ಲಿ ಮುಚ್ಚಿತು, ಆಮೇಲೆ ಕೆಡವಲ್ಪಟ್ಟಿತು. ಕ್ಲೀವ್‌ಲೆಂಡಿನ 1912ರ ಕಟ್ಟಡವೇನೋ ನಿಂತಿದೆ, ಯೂಕ್ಲಿಡ್ ಬೀದಿ ಹನ್ನೆರಡನೆಯ ಬೀದಿಯನ್ನು ಕೂಡುವಲ್ಲಿ. ಒಳಗೆ ಈಗ ಬಾಡಿಗೆಯ ವಾಸದ ಮನೆಗಳು. ಚಳಿಯಲ್ಲಿ ಪೆಟ್ಟಿಗೆಯೆಳೆದುಕೊಂಡು ಹೋದ ಆ ರಾತ್ರಿ ನನ್ನ ಸೋದರಳಿಯನು ಅದರ ಮುಂದೆಯೇ ಹಾದುಹೋಗಿದ್ದನು. ನಾನು ಹೇಳುವ ತನಕ ಅವನಿಗೆ ಅದು ತಿಳಿದಿರಲಿಲ್ಲ.