ಅಣೆಕಟ್ಟೆಗೆ ಮುಂಚಿನ ಕಾಗದ: ವಿಶ್ವೇಶ್ವರಯ್ಯನವರ ಬದುಕನ್ನು ತರಗತಿಗೆ ಒಯ್ಯುವಾಗ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಾಲೆಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಅಭ್ಯಾಸ ಬೋಧನೆಯನ್ನು ವೀಕ್ಷಿಸುವ ನನಗೆ ಸರ್ ಎಂ. ವಿಶ್ವೇಶ್ವರಯ್ಯನವರ ಪಾಠ ಬಹಳ ಪರಿಚಿತ. ಸೆಪ್ಟೆಂಬರ್ 15 ಹತ್ತಿರ ಬಂದರೆ ಯಾವ ಶಾಲೆಗೆ ಹೋದರೂ ಅದೇ ಪಾಠ. ಬೀದಿದೀಪದಲ್ಲಿ ಓದಿದ್ದು, ಎರಡು ಮೋಂಬತ್ತಿಯ ಕಥೆ, ರೈಲಿನ ಹಳಿ ಮುರಿದದ್ದನ್ನು ಸದ್ದಿನಿಂದಲೇ ಗುರುತಿಸಿದ ಕಥೆ. ಮಕ್ಕಳು ಖುಷಿಯಿಂದ ಕೇಳುತ್ತಾರೆ. ಕೊನೆಗೆ ಮೌಲ್ಯಮಾಪನ ಹಂತದಲ್ಲಿ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಇಡೀ ತರಗತಿ ಒಂದೇ ಹೆಸರು ಕೂಗುತ್ತದೆ. ಪಾಠ ಯಶಸ್ವಿಯಾಯಿತೆಂದು ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡುತ್ತಾರೆ.

ಆ ಉತ್ತರ ನನಗೆ ಸಾಲದು. ಸುಮಾರು 8,600 ಅಡಿ ಉದ್ದ, 130 ಅಡಿ ಎತ್ತರದ ಕಟ್ಟೆಯನ್ನು ಒಬ್ಬ ಮನುಷ್ಯ ಕಟ್ಟಲಾರ. ಅಲ್ಲಿ ಸುಮಾರು 10,000 ಜನ ದುಡಿದರು. ಕಲ್ಲು ಹೊತ್ತವರು, ಗಾರೆ ಕಲಸಿದವರು, ಲೆಕ್ಕ ಬರೆದವರು, ಹಣ ಮಂಜೂರು ಮಾಡಿದವರು ಎಲ್ಲರೂ ಬೇರೆ ಬೇರೆ. ಹಾಗಾದರೆ ವಿಶ್ವೇಶ್ವರಯ್ಯನವರು ಮಾಡಿದ್ದೇನು? ಅವರ ಬದುಕನ್ನು ಓದಿದಷ್ಟೂ ನನಗೆ ಕಾಣುವ ಉತ್ತರ ಇದು: ಯಾರಿಗೆ ಏನು ತಿಳಿಯಬೇಕೋ ಅದನ್ನು, ಅವರು ತೀರ್ಮಾನ ತೆಗೆದುಕೊಳ್ಳಬಲ್ಲ ರೂಪದಲ್ಲಿ, ಸಕಾಲಕ್ಕೆ ತಿಳಿಸಿದರು. ನಮ್ಮ ಪಠ್ಯಕ್ರಮದಲ್ಲಿ ಸಂವಹನ ಎಂಬ ಘಟಕದಲ್ಲಿ ಓದುವ ಮಾತೇ ಇದು. ಆ ಕಣ್ಣಿನಿಂದ ಅವರ ಜೀವನವನ್ನು ಒಮ್ಮೆ ಹೇಳಿ ನೋಡುತ್ತೇನೆ.

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿ ಅವರ ಊರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ತಂದೆ ಬೇಗ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿ ಓದು ಮುಂದುವರಿಯಿತು. ಖರ್ಚಿಗೆ ಹಣ ಬೇಕಾಗಿ ಅಧಿಕಾರಿಯೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿದರು. ಎಂಜಿನಿಯರ್ ಆಗುವ ಮೊದಲು ಅವರು ಮೇಷ್ಟರಾಗಿದ್ದರು ಎಂಬುದನ್ನು ನಮ್ಮ ವೃತ್ತಿಯವರು ಮರೆಯಬಾರದು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋದರು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು, ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ಕೆಲಸದ ಆರಂಭದ ದಿನಗಳ ಒಂದು ಪ್ರಸಂಗವನ್ನು ನಾನು ಪ್ರಶಿಕ್ಷಣಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಖಾನ್‌ದೇಶದಲ್ಲಿ ಹೊಳೆಯ ತಳದಲ್ಲಿ ಕೊಳವೆ ಹಾಯಿಸಿ ನೀರು ದಾಟಿಸುವ ಕೆಲಸ ಅವರ ಪಾಲಿಗೆ ಬಂತು. ಮಳೆಗಾಲ ಶುರುವಾಗಿ, ತೋಡಿದ ಜಾಗಕ್ಕೆ ಮರಳು ತುಂಬತೊಡಗಿತು. ಮಳೆ ಮುಗಿದ ಮೇಲೆ ಮುಂದುವರಿಸಿದರೆ ಖರ್ಚು ಕಡಿಮೆಯಾಗುತ್ತದೆಂದು ಮೇಲಧಿಕಾರಿಗೆ ಬರೆದರು. ಮೇಲಧಿಕಾರಿಗೆ ಅದು ಶಿಸ್ತಿಲ್ಲದ ಮಾತಾಗಿ ಕಂಡಿತು. ತರುಣ ಎಂಜಿನಿಯರ್ ವಾದ ಬೆಳೆಸದೆ ತಮ್ಮ ಸಲಹೆಯನ್ನು ಹಿಂತೆಗೆದುಕೊಂಡು ಕೆಲಸಕ್ಕಿಳಿದರು. ಹೊಳೆ ತುಂಬಿ ಆಚೆ ದಡದಲ್ಲಿ ಸಿಕ್ಕಿಕೊಂಡು, ಈಜಿ ಬರಬೇಕಾದ ಪ್ರಸಂಗವೂ ಬಂತು. ಕೆಲಸ ಮಾತ್ರ ಮುಗಿಯಿತು, ಮೇಲಧಿಕಾರಿಯ ಮೆಚ್ಚುಗೆಯೂ ಸಿಕ್ಕಿತು.

ಇದನ್ನು ವಿಧೇಯತೆಯ ಪಾಠವಾಗಿ ಹೇಳುವವರೇ ಹೆಚ್ಚು. ನನಗೆ ಇದರಲ್ಲಿ ಬೇರೆಯದೂ ಕಾಣುತ್ತದೆ. ಸ್ಥಳದಲ್ಲಿದ್ದವನಿಗೆ ಕಂಡದ್ದು ದೂರದಲ್ಲಿದ್ದವನಿಗೆ ಕಾಣುವುದಿಲ್ಲ. ಕಂಡದ್ದನ್ನು ಬರೆದು ತಿಳಿಸುವುದು ಸ್ಥಳದಲ್ಲಿದ್ದವನ ಕರ್ತವ್ಯ, ಅವರು ಅದನ್ನು ಮಾಡಿದರು. ಆ ಕಾಗದವನ್ನು ಮೇಲಿನವರು ಶಿಸ್ತಿನ ಪ್ರಶ್ನೆಯಾಗಿ ಓದಿದರು. ಮನೆ ಕಟ್ಟುವ ಕಡೆಯೂ ಶಾಲೆಯ ಕಡೆಯೂ ಇಂಥದ್ದು ದಿನನಿತ್ಯ ನಡೆಯುತ್ತದೆ. ವೀಕ್ಷಣಾ ವರದಿಯಲ್ಲಿ ನಾವು ಬರೆದ ಸಲಹೆಯನ್ನು ಕೆಲವು ಪ್ರಶಿಕ್ಷಣಾರ್ಥಿಗಳು ಬೈಗುಳವೆಂದೇ ಓದುತ್ತಾರಲ್ಲ, ಹಾಗೆ.

ಮುಂಬಯಿ ಪ್ರಾಂತ್ಯದಲ್ಲಿ ಕಳೆದ ವರ್ಷಗಳನ್ನು ಬೇಗ ದಾಟುತ್ತೇನೆ. ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯ ಕೆಸರು ನೀರನ್ನು ತಿಳಿಯಾಗಿಸಿ ಕೊಡಲು ನದಿಯ ಪಾತ್ರದಲ್ಲೇ ಬಾವಿ ತೋಡುವ ಉಪಾಯ ಹೂಡಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ರೂಪಿಸಿದರು. ದಖ್ಖನಿನ ಕಾಲುವೆಗಳಲ್ಲಿ ಬ್ಲಾಕ್ ಪದ್ಧತಿ ತಂದಾಗ ಮಾತ್ರ ಸ್ವಲ್ಪ ನಿಲ್ಲಬೇಕು. ಕಾಲುವೆಯ ನೀರನ್ನು ಕೆಲವೇ ಜನ ಬೇಕಾದಷ್ಟು ಹರಿಸಿಕೊಳ್ಳುವ ಬದಲು, ಊರೂರಿಗೆ ಭಾಗ ಗೊತ್ತುಮಾಡಿ, ಬೆಳೆ ಸರದಿಯಂತೆ ಬದಲಿಸುತ್ತ ಹಂಚುವ ಕ್ರಮ ಅದು. ರೈತರು ಮೊದಲಿಗೆ ಒಪ್ಪಲಿಲ್ಲ. ಬಾಗಿಲು ಮಾಡಿಸಲು ಕಬ್ಬಿಣ ಸಾಕು, ಸರದಿ ನಡೆಯಬೇಕಾದರೆ ಕೊನೆಯ ಹೊಲದವನಿಗೂ ಅದರ ಲೆಕ್ಕ ಅರ್ಥವಾಗಿರಬೇಕು. ಹೇಮಾವತಿ ಎಡದಂಡೆ ಕಾಲುವೆ ಹಾಯುವ ಚನ್ನರಾಯಪಟ್ಟಣ ತಾಲ್ಲೂಕಿನ ಮಕ್ಕಳಿಗೆ ಇದನ್ನು ವಿವರಿಸಬೇಕಾದ್ದೇ ಇಲ್ಲ. ಕಾಲುವೆಯ ತಲೆಯಲ್ಲಿರುವವರಿಗೂ ಬಾಲದಲ್ಲಿರುವವರಿಗೂ ಇರುವ ವ್ಯತ್ಯಾಸವನ್ನು ಅವರೇ ನಮಗೆ ಹೇಳಿಯಾರು.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರ ಮುಳುಗಿತು. ಆಗಷ್ಟೇ ಮುಂಬಯಿ ಸೇವೆಯಿಂದ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ಕರೆಸಿತು. ಮಳೆ ಎಷ್ಟು ಬಿತ್ತು, ನೀರು ಎಲ್ಲಿಂದ ಬಂತು ಎಂಬುದನ್ನು ಕಲೆಹಾಕಿ, ನಗರದ ಮೇಲ್ಭಾಗದಲ್ಲಿ ನೀರು ತಡೆಯುವ ಜಲಾಶಯಗಳಾಗಬೇಕೆಂದು ವರದಿ ಕೊಟ್ಟು ಅವರು ಹೊರಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳನ್ನು ಆಮೇಲೆ ಕಟ್ಟಿದವರು ಬೇರೆಯವರು. ಬರೆದವರು ಎದುರಿಗಿಲ್ಲದಿದ್ದರೂ ಬರೆದದ್ದು ಕೆಲಸ ಮಾಡಿಸಿತು.

1909ರ ನವೆಂಬರಿನಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು. ಕರೆ ಬಂದ ಕೂಡಲೇ ಒಪ್ಪಿಕೊಳ್ಳದೆ, ಬರೀ ದಿನಚರಿಯ ಕೆಲಸವೋ, ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣದ ಕಡೆಗೂ ಅವಕಾಶವುಂಟೋ ಎಂದು ಮೊದಲೇ ಕೇಳಿ ತಿಳಿದುಕೊಂಡರು. ಇಲ್ಲಿಂದ ಕನ್ನಂಬಾಡಿಯ ಕಥೆ.

ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಮೇಲೆ ಜಲಾಶಯ ಮಾಡಿದರೆ ಗಣಿಗೆ ವರ್ಷವಿಡೀ ವಿದ್ಯುತ್, ಮಂಡ್ಯದ ಸೀಮೆಗೆ ನೀರಾವರಿ, ಎರಡೂ ಸಾಧ್ಯ. ಅಂದಾಜು ಎರಡೂವರೆ ಕೋಟಿ ರೂಪಾಯಿಗೂ ಮೇಲೆ ಹೋಯಿತು. ಆ ಕಾಲದ ಮೈಸೂರಿಗೆ ಅದು ಎದೆ ಝಲ್ಲೆನಿಸುವ ಮೊತ್ತ. ಹಣಕಾಸಿನವರು ಹಿಂಜರಿದರು. ಕೆಳಗಿನ ಮದ್ರಾಸ್ ಸರ್ಕಾರ ತನ್ನ ನೀರಿನ ಬಗ್ಗೆ ಆಕ್ಷೇಪ ಎತ್ತಿತು.

ಇಲ್ಲಿ ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದ್ದು, ಯೋಜನೆ ಒಂದೇ ಆದರೂ ಅದನ್ನು ಕೇಳುವ ಕಿವಿಗಳು ಹಲವು ಎಂಬುದು. ಹಣಕಾಸಿನವರಿಗೆ ಬೇಕಿದ್ದುದು ಹಾಕಿದ ಹಣ ಹಿಂದಕ್ಕೆ ಬರುವ ಲೆಕ್ಕ. ಗಣಿಗೆ ಮಾರುವ ವಿದ್ಯುತ್ತಿನ ವರಮಾನ ಅಲ್ಲಿ ಉತ್ತರವಾಯಿತು. ಗಣಿಯವರಿಗೆ ಬೇಕಿದ್ದುದು ತಾರೀಖು. ಮದ್ರಾಸಿಗೆ ಬೇಕಿದ್ದುದು ಎಷ್ಟು ನೀರು ಹಿಡಿಯುತ್ತೀರಿ ಎಂಬ ಅಂಕಿ. ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಕ್ಕೆ ಇದರಿಂದ ಏನಾಗುತ್ತದೆಂಬ ಒಟ್ಟು ಚಿತ್ರ ಬೇಕಿತ್ತು. ಮಂಜೂರಾತಿ ತಡವಾದಾಗ ವಿಶ್ವೇಶ್ವರಯ್ಯನವರು ತಮ್ಮ ಅಸಮಾಧಾನವನ್ನು ಒಳಗೇ ಇಟ್ಟುಕೊಳ್ಳಲಿಲ್ಲ; ಮಹಾರಾಜರು ವಿಚಾರಿಸಿದಾಗ ಇದ್ದದ್ದನ್ನು ಇದ್ದಂತೆ ಹೇಳಿದರು. 1911ರಲ್ಲಿ ಒಪ್ಪಿಗೆ ಸಿಕ್ಕಿ, ಆ ವರ್ಷದ ನವೆಂಬರಿನಲ್ಲಿ ಕೆಲಸ ಶುರುವಾಯಿತು.

ಮದ್ರಾಸ್ ಮೊದಲಿಗೆ ಒಪ್ಪಿದ್ದು 11 ಟಿಎಂಸಿ ನೀರು ನಿಲ್ಲಿಸುವ ಸಣ್ಣ ಕಟ್ಟೆಗೆ. ಬುನಾದಿಯನ್ನು ಮಾತ್ರ ದೊಡ್ಡ ಕಟ್ಟೆಗೆ ತಕ್ಕಂತೆ ಹಾಕಿಸಿದರು. ದೂರದೃಷ್ಟಿ ಎಂದು ಹೊಗಳುವುದು ಸುಲಭ. ಕೆಳಗಿನವರ ಅನುಮಾನ ಇದರಿಂದ ಬೆಳೆದಿರಬೇಕೆಂದು ನನ್ನ ಎಣಿಕೆ. 1914ರಲ್ಲಿ ಪಂಚಾಯಿತಿ ತೀರ್ಪು ಬಂದರೂ ತಕರಾರು ಮುಗಿಯಲಿಲ್ಲ. ಒಪ್ಪಂದವಾಗಲು 1924 ಆಗಬೇಕಾಯಿತು. ಕಾವೇರಿಯ ಮಾತು ಇಂದಿಗೂ ಮುಗಿದಿಲ್ಲ.

ಗಣಿಗೆ ಹೆಚ್ಚಿನ ವಿದ್ಯುತ್ ಕೊಡಬೇಕಾದ ಗಡುವು 1915ರ ಜುಲೈ. ಅಷ್ಟರೊಳಗೆ ಮೊದಲ ಹಂತ ಏಳಬೇಕು. ಮಲೇರಿಯ ಕಾಡುವ ಜಾಗ, ಹೊಳೆಯಲ್ಲಿ ಪ್ರವಾಹ, ರಾತ್ರಿಯೂ ದೀಪದ ಬೆಳಕಿನಲ್ಲಿ ಕೆಲಸ. ಸಿಮೆಂಟಿಗೆ ಬದಲು ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆ. ಈ ಗಾರೆಯ ಪ್ರಮಾಣ ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಆಗುವಂತಿಲ್ಲ. ಎಂಜಿನಿಯರಿಂದ ಓವರ್ಸಿಯರ್‌ಗೆ, ಓವರ್ಸಿಯರಿಂದ ಮೇಸ್ತ್ರಿಗೆ, ಮೇಸ್ತ್ರಿಯಿಂದ ಕಲಸುವವರಿಗೆ ಮಾತು ಇಳಿಯುವಾಗ ಅಳತೆ ಬದಲಾಗಬಾರದು. ಕಟ್ಟೆಯ ಗಟ್ಟಿತನ ಇದ್ದದ್ದು ಅಲ್ಲಿ.

ಅರಕಲಗೂಡಿನ ಶಾಲೆಯೊಂದರಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಇದನ್ನೇ ಆಟ ಮಾಡಿದರು. ಸಾಲಿನ ಮೊದಲ ಮಗುವಿನ ಕಿವಿಯಲ್ಲಿ ಗಾರೆಯ ಅಳತೆ ಹೇಳಿ, ಕೊನೆಯ ಮಗುವಿನಿಂದ ಹೇಳಿಸಿದರು. ಅಳತೆ ತಲೆಕೆಳಗಾಗಿತ್ತು, ಮಕ್ಕಳು ನಕ್ಕರು. ಎರಡನೆಯ ಸಲ ಚೀಟಿಯಲ್ಲಿ ಬರೆದು ಕಳಿಸಿದರು, ಸರಿಯಾಗಿ ಮುಟ್ಟಿತು. ಓದಲು ಬಾರದ ಕೂಲಿಯವರಿಗೆ ಚೀಟಿ ಏನು ಮಾಡೀತು ಎಂದು ಒಬ್ಬ ಹುಡುಗ ಕೇಳಿದ. ಅವನ ಅಪ್ಪ ಗಾರೆ ಕೆಲಸದವರು. ಅಪ್ಪ ಬಾಂಡ್ಲಿ ಎಣಿಸಿ ಹಾಕಿಸುತ್ತಾರೆಂದು ಅವನೇ ಉತ್ತರವನ್ನೂ ಕೊಟ್ಟ. ಆ ದಿನದ ಪಾಠ ಯೋಜನೆಯಲ್ಲಿ ಇಲ್ಲದ ಬೋಧನೋಪಕರಣ ಅದು.

ನಮ್ಮ ಕಡೆಯ ಶಾಲೆಗಳಿಗೆ ಕನ್ನಂಬಾಡಿ ದೂರದ ಊರಲ್ಲ. ಹೊಳೆನರಸೀಪುರದ ಮುಂದೆ ಹರಿಯುವ ಹೇಮಾವತಿಯೂ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಾವೇರಿಯೂ ಅಲ್ಲಿಗೇ ಸೇರುತ್ತವೆ. ಮೈಸೂರಿನಿಂದ ಹೊಳೆನರಸೀಪುರ, ಹಾಸನ ದಾಟಿ ಅರಸೀಕೆರೆ ಸೇರುವ ರೈಲು ಮಾರ್ಗವೂ ಅವರ ದಿವಾನಗಿರಿಯ ಕಾಲದ್ದು. ಇನ್ನೊಂದು ಸಂಗತಿಯನ್ನೂ ಮಕ್ಕಳ ಎದುರು ಮುಚ್ಚಿಡಬಾರದು. ಕನ್ನಂಬಾಡಿಯ ನೀರಿನಲ್ಲಿ ಹಳೆಯ ಊರೂ ಅದರ ವೇಣುಗೋಪಾಲಸ್ವಾಮಿ ದೇಗುಲವೂ ಮುಳುಗಿದವು. ದೇಗುಲವನ್ನು ಬಹುಕಾಲದ ಮೇಲೆ ಹಿನ್ನೀರಿನ ದಡದಲ್ಲಿ ಮತ್ತೆ ನಿಲ್ಲಿಸಲಾಯಿತು. ನಮ್ಮ ಗೊರೂರಿನ ಹೇಮಾವತಿ ಜಲಾಶಯವೂ ಹಾಗೆಯೇ ಊರುಗಳನ್ನು ಎಬ್ಬಿಸಿತು. ಶೆಟ್ಟಿಹಳ್ಳಿಯ ಪಾಳು ಇಗರ್ಜಿ ಮಳೆಗಾಲದಲ್ಲಿ ನೀರಿನಲ್ಲಿ ನಿಲ್ಲುವುದನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ. ಹಾಗೆ ಎದ್ದು ಬಂದವರ ಮೊಮ್ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿರಬಹುದು. ಅಣೆಕಟ್ಟೆಯ ಪಾಠ ಹೇಳುವಾಗ, ಊರು ಬಿಡಬೇಕಾದವರಿಗೆ ಯಾರು, ಯಾವಾಗ, ಹೇಗೆ ಹೇಳಬೇಕು ಎಂಬ ಪ್ರಶ್ನೆಗೂ ಜಾಗವಿರಲಿ.

1912ರ ನವೆಂಬರಿನಿಂದ 1918ರ ಡಿಸೆಂಬರಿನವರೆಗೆ ಅವರು ದಿವಾನರು. ಮೈಸೂರು ಬ್ಯಾಂಕು, ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ ಈ ಅವಧಿಯವು. ಕಾಗದದ ಮೇಲೆ ಇಷ್ಟು ಬಲ್ಲವರಿಗೂ ಒಂದು ಕಡೆ ಮಾತು ಹೊಂದಲಿಲ್ಲ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ವಿಷಯವಾಗಿ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಅದು ಸಮ್ಮತವಾಗಿರಲಿಲ್ಲ. ಪದವಿ ಬಿಟ್ಟರು. ಅರ್ಹತೆಯೊಂದೇ ಅಳತೆ ಎಂದು ಅವರು ನಂಬಿದ್ದರು. ಶಾಲೆಯ ಬಾಗಿಲೇ ಕಾಣದಿದ್ದವರ ಕೂಗು ಆ ಅಳತೆಗೋಲಿಗೆ ಸಿಕ್ಕಲಿಲ್ಲವೆಂದು ನಾನು ಭಾವಿಸುತ್ತೇನೆ. ಮಹಾಪುರುಷರ ಪಾಠದಲ್ಲಿ ಇದನ್ನು ಬಿಟ್ಟರೆ ಪಾಠ ಅರ್ಧವಾಗುತ್ತದೆ.

ಅವರು ಹೊರಟ ಮೇಲೆ ಕಟ್ಟೆಯ ಕೆಲಸ ನಿಲ್ಲಲಿಲ್ಲ. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಬೇರೆ ಎಂಜಿನಿಯರರು ಮುಂದುವರಿಸಿ 1930ರ ದಶಕದ ಆರಂಭದಲ್ಲಿ ಪೂರೈಸಿದರು. ನಕ್ಷೆ, ಅಂದಾಜು, ಟಿಪ್ಪಣಿ ಎಲ್ಲವೂ ಕಚೇರಿಯಲ್ಲಿದ್ದವು. ಮಾಡುವವರು ಬದಲಾದರೂ ಕೆಲಸ ಕೈತಪ್ಪಲಿಲ್ಲ.

ಶಾಲೆಯೊಂದಕ್ಕೆ ಹೋಗಿ ಸಿದ್ಧತೆಯಿಲ್ಲದೆ ನಾಲ್ಕು ಮಾತಾಡಿ, ತೃಪ್ತಿಯಾಗದೆ, ಬರೆದು ಸಿದ್ಧಮಾಡಿಕೊಂಡು ಮತ್ತೆ ಅದೇ ಶಾಲೆಗೆ ಹೋಗಿ ಮಕ್ಕಳಿಗೆ ಭಾಷಣ ಮಾಡಿದರೆಂಬ ಕಥೆ ಅವರ ಬಗ್ಗೆ ಪ್ರಚಾರದಲ್ಲಿದೆ. ಮೋಂಬತ್ತಿಯ ಕಥೆಗಿಂತ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಇದು ಹತ್ತಿರದ್ದು. ಪಾಠ ಟಿಪ್ಪಣಿ ಬರೆಯದೆ ತರಗತಿಗೆ ಹೋಗುವ ಬೆಳಗ್ಗೆ ನೆನಪಾದರೆ ಸಾಕು.

ಆಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಪುಸ್ತಕಗಳು, ಸಮಿತಿಗಳು. 1955ರಲ್ಲಿ ಭಾರತರತ್ನ. ತೊಂಬತ್ತು ದಾಟಿದ ಮೇಲೆ ಬಿಹಾರದಲ್ಲಿ ಗಂಗೆಯ ಸೇತುವೆ ಎಲ್ಲಿ ಆಗಬೇಕೆಂದು ಹೇಳಲು ಅವರನ್ನು ಕರೆದರು. ಕೂತಲ್ಲಿಂದ ಹೇಳಿ ಕಳಿಸಬಹುದಿತ್ತು. ಬಿಸಿಲಿನಲ್ಲಿ ಹೋಗಿ ಜಾಗಗಳನ್ನು ಕಣ್ಣಾರೆ ಕಂಡು ಆಮೇಲೆ ವರದಿ ಬರೆದರು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ನಡೆಯಿತು.